ಬಸ್ಸು ಏಳಕ್ಕೆ, ರೂಮು ಎರಡಕ್ಕೆ

ಕಲಬುರಗಿಯಿಂದ ಸಂಜೆ ಹೊರಟ ಸ್ಲೀಪರ್ ಬಸ್ಸು ವಿಜಯಪುರ, ಬೆಳಗಾವಿ ದಾಟಿ, ಘಟ್ಟ ಇಳಿದು ಗೋವಾ ಮುಟ್ಟುವಷ್ಟರಲ್ಲಿ ಮುಂಜಾನೆ ಏಳೋ ಎಂಟೋ ಆಗಿರುತ್ತದೆ. ರಿಸಾರ್ಟುಗಳ ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ. ಊಟ, ತಿಂಡಿ, ಕುಡಿಯುವುದು ಎಲ್ಲಾ ಸೇರಿದ ಪ್ಯಾಕೇಜು ತಗೊಂಡು ಕಡಿಮೆ ಖರ್ಚಿನಲ್ಲಿ ಸಮುದ್ರ ನೋಡಿ ಬರುತ್ತೇವೆ ಅನ್ನುವವರ ದುಡ್ಡು ಸೋರಲು ಶುರುವಾಗುವುದು ಈ ಆರೇಳು ತಾಸಿನಲ್ಲೇ. ನಾಷ್ಟಾ ಹೊರಗೆ, ಸ್ನಾನಕ್ಕೆ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜು, ಸಾಮಾನು ಹೊತ್ತು ತಿರುಗಲಾಗದೆ ಟ್ಯಾಕ್ಸಿ.

ಇಳಿದ ಕೂಡಲೇ ನೆಟ್ಟಗೆ ರಿಸಾರ್ಟಿಗೇ ಹೋಗಬೇಕು. ಗೋವಾದಲ್ಲಿ ಟ್ಯಾಕ್ಸಿ ನೂರರ ಲೆಕ್ಕ, ಊರ ಬಸ್ಸು ಹತ್ತರ ಲೆಕ್ಕ. ಕಲಂಗೂಟ್ ಕಡೆಗೆ ಮಾಪ್ಸಾದಿಂದ, ಕೋಲ್ವಾ, ಬೆನೌಲಿಮ್ ಕಡೆಗೆ ಮಡಗಾಂವ್‌ನಿಂದ ಬಸ್ಸು ಸಿಗುತ್ತವೆ. ರಿಸೆಪ್ಷನ್ನಿನಲ್ಲಿ ಸಾಮಾನು ಇಟ್ಟುಕೊಳ್ಳಿ ಎಂದರೆ ಚೀಟಿ ಕಟ್ಟಿ ಇಟ್ಟುಕೊಳ್ಳುತ್ತಾರೆ, ಅದಕ್ಕೆ ದುಡ್ಡು ಕೇಳುವುದು ಅಪರೂಪ. ಈಜುಕೊಳದ ಪಕ್ಕದ ಶವರ್ ಬಳಸಬಹುದೇ ಎಂದು ಕೇಳಿದರೆ ಸ್ನಾನದ ಚಿಂತೆಯೂ ಮುಗಿಯಿತು. ಒಂದು ಜೊತೆ ಬಟ್ಟೆ, ಟವೆಲ್, ಸೋಪು ಕೈಚೀಲದಲ್ಲಿ ಬೇರೆಯಾಗಿ ಇರಲಿ. ಸೂಟ್‌ಕೇಸಿನ ತಳದಲ್ಲಿಟ್ಟರೆ ರಿಸೆಪ್ಷನ್ ನೆಲದ ಮೇಲೆಯೇ ಗಂಟು ಬಿಚ್ಚುವ ಪಾಳಿ ಬರುತ್ತದೆ. ರೂಮು ಖಾಲಿ ಇದ್ದರೆ ಹನ್ನೊಂದಕ್ಕೇ ಕೊಡುವುದೂ ಉಂಟು, ಆದರೆ ಅದನ್ನು ಎರಡು ದಿನ ಮೊದಲೇ ಫೋನಿನಲ್ಲಿ ಕೇಳಿಟ್ಟಿರಬೇಕು. ಫೋನೆತ್ತಿದ ಹುಡುಗ ಉತ್ತರ ಕರ್ನಾಟಕದವನೇ ಆಗಿರುವುದು ಗೋವಾದಲ್ಲಿ ಅಪರೂಪವಲ್ಲ. 'ಯಾವೂರ್ರೀ ನೀವು' ಎಂದು ಅವನು ಕೇಳಿದನೆಂದರೆ ಅರ್ಧ ಕೆಲಸ ಆದಂತೆಯೇ.

ಅದೇ ಫೋನಿನಲ್ಲಿ ಊಟದ ಲೆಕ್ಕವೂ ಆಗಲಿ. 'ಎರಡು ರಾತ್ರಿ, ಮೂರು ದಿನ' ಎಂದರೆ ಒಂಬತ್ತು ಹೊತ್ತಿನ ಊಟ ಅಂದುಕೊಂಡು ಹೋದವರಿಗೆ ಅಲ್ಲಿ ಸಿಗುವುದು ಆರೇ: ಮೊದಲ ದಿನ ರಾತ್ರಿಯೂಟ, ಎರಡನೆಯ ದಿನ ಮೂರು ಹೊತ್ತು, ಮೂರನೆಯ ದಿನ ನಾಷ್ಟಾ, ಅದರ ಜೊತೆ ಒಂದು ಮಧ್ಯಾಹ್ನದ ಊಟ. ಆ ಒಂದು ಊಟ ಬಂದ ದಿನವೋ ಹೋಗುವ ದಿನವೋ ಎಂಬುದು ರಿಸಾರ್ಟಿನ ಮರ್ಜಿ, ಕೆಲವರು ಎರಡು ದಿನವೂ ಕೊಡುವುದಿಲ್ಲ. 'ಮೊದಲ್ನೇ ದಿನ ಮಧ್ಯಾಹ್ನದ ಊಟ ಕೊಡ್ತೀರೇನ್ರೀ?' ಎಂದು ಕೇಳಿ, ಹೂಂ ಎಂದರೆ ವಾಟ್ಸಾಪಿನಲ್ಲಿ ಬರೆಸಿಕೊಳ್ಳಬೇಕು. ಬುಫೆ ಮೂರಕ್ಕೆ ಮುಚ್ಚುತ್ತದೆ. ಎರಡಕ್ಕೆ ಚೆಕ್-ಇನ್ ಸಾಲಿನಲ್ಲಿ ನಿಂತವರು ರೂಮಿಗೆ ಹೋಗಿ ಮುಖ ತೊಳೆದು ಬರುವಷ್ಟರಲ್ಲಿ ಪಾತ್ರೆ ಎತ್ತುತ್ತಿರುತ್ತಾರೆ. ಪ್ಯಾಕೇಜಿನವರೆಂಬ ಗುರುತಿಗೆ ಕೈಗೆ ಪಟ್ಟಿ ಕಟ್ಟುತ್ತಾರೆ, ಅದನ್ನು ಕಟ್ಟಿದ ತಕ್ಷಣ ಮೊದಲು ಊಟಕ್ಕೆ ಹೋಗಿ, ರೂಮು ಎಲ್ಲಿಗೂ ಓಡಿ ಹೋಗುವುದಿಲ್ಲ.

ತೆರಿಗೆಯಲ್ಲಿ ಒಂದು ಮೆಟ್ಟಿಲಿದೆ. 2025ರ ಸೆಪ್ಟೆಂಬರ್ 22ರಿಂದ, ಒಂದು ರೂಮಿನ ಒಂದು ರಾತ್ರಿಯ ದರ 7,500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಶೇಕಡಾ 5, ದಾಟಿದರೆ ಶೇಕಡಾ 18. 7,500ರ ರೂಮಿಗೆ ಒಟ್ಟು 7,875. 7,600ರ ರೂಮಿಗೆ 8,968. ದರ ನೂರು ಹೆಚ್ಚಾಯಿತು, ಬಿಲ್ಲು ಸಾವಿರದ ತೊಂಬತ್ತಮೂರು ಹೆಚ್ಚಾಯಿತು. ಮೆಟ್ಟಿಲ ಹತ್ತಿರ ಇರುವ ದರವನ್ನು ಚೌಕಾಸಿ ಮಾಡಿ ಕೆಳಗಿಳಿಸುವುದು ಅದಕ್ಕೇ ಲಾಭ. ಬಿಲ್ಲಿನಲ್ಲಿ ತಾನೇ ಸೇರಿಕೊಂಡ 'ಸರ್ವಿಸ್ ಚಾರ್ಜ್' ಕಂಡರೆ ತೆಗೆಸಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಿದೆ.

ಇನ್ನು, ಈ ಪ್ಯಾಕೇಜು ಎಲ್ಲರಿಗೂ ಹೊಂದುವುದಿಲ್ಲ. ದರದ ದೊಡ್ಡ ಪಾಲು ಮೀನು-ಮಾಂಸದ ಬುಫೆಗೂ ಮದ್ಯಕ್ಕೂ ಹೋಗಿರುತ್ತದೆ. ಕುಡಿಯದ, ಶುದ್ಧ ಶಾಖಾಹಾರಿ ಮನೆಯವರು ಅದನ್ನು ಕೊಂಡರೆ ಪಕ್ಕದ ಟೇಬಲ್ಲಿನವರ ಬಿಲ್ಲು ಕಟ್ಟಿದಂತೆ. ಅಂಥವರು ನಾಷ್ಟಾ ಮತ್ತು ಒಂದೂಟದ ಪ್ಲಾನು ಕೇಳಲಿ, ಅದಕ್ಕೆ ಅವರ ಭಾಷೆಯಲ್ಲಿ 'ಎಂಎಪಿ' ಅನ್ನುತ್ತಾರೆ. 'ಸಿಪಿ' ಅಂದರೆ ಬರೀ ನಾಷ್ಟಾ, 'ಎಪಿ' ಅಂದರೆ ಮೂರೂ ಹೊತ್ತು. ದಿನವಿಡೀ ಹೊರಗೆ ಚರ್ಚು, ಕೋಟೆ ಅಂತ ತಿರುಗುವವರಿಗೂ ಎಲ್ಲಾ ಸೇರಿದ್ದು ನಷ್ಟವೇ. ಮೀನಿಗಾಗಿಯೇ ಹೋಗುವವರು ಜೂನ್, ಜುಲೈ ಬಿಡಿ. ಮಳೆಗಾಲದಲ್ಲಿ ದರ ಇಳಿಯುವುದು ಹೌದು, ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಸಮುದ್ರಕ್ಕೂ ಇಳಿಯುವಂತಿಲ್ಲ, ದಂಡೆಯಲ್ಲಿ ಕೆಂಪು ಬಾವುಟ. ದೀಪಾವಳಿ ರಜೆಗೆ ಮುಂಚಿನ ಅಕ್ಟೋಬರ್, ಅದೂ ಸೋಮವಾರದಿಂದ ಗುರುವಾರದೊಳಗೆ, ನಮ್ಮ ಕಡೆಯವರಿಗೆ ಒಳ್ಳೆಯ ಸಮಯ. ಡಿಸೆಂಬರ್ ಕೊನೆಯ ವಾರದ ಮಾತೇ ಬೇಡ.

ಈಜುಕೊಳಕ್ಕೆ ಹತ್ತಿಯ ಬಟ್ಟೆ ನಡೆಯುವುದಿಲ್ಲ. ಹತ್ತಿಯ ಎಳೆ ಬಿಟ್ಟು ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ಕಾರಣಕ್ಕೆ ಹತ್ತಿಯ ಚೂಡಿದಾರ, ಬನಿಯನ್, ಬರ್ಮುಡಾ ಹಾಕಿಕೊಂಡವರನ್ನು ನೀರಿನಿಂದ ಎಬ್ಬಿಸಿ ಕಳಿಸುತ್ತಾರೆ. ನೈಲಾನ್ ಚಡ್ಡಿ, ಟೀ ಶರ್ಟು ಕಲಬುರಗಿಯ ಸೂಪರ್ ಮಾರ್ಕೆಟಿನಲ್ಲೇ ಕೊಂಡು ಹೋಗಿ. ರಿಸಾರ್ಟಿನ ಅಂಗಡಿಯಲ್ಲಿ ಅದಕ್ಕೆ ಬೇರೆಯೇ ಬೆಲೆ.

ಬಸ್ಸಿನ ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟುವುದು ಇದ್ದದ್ದೇ. ಆದರೆ ನಮ್ಮ ಒಣ ಹವೆಯಲ್ಲಿ ವಾರಗಟ್ಟಲೆ ಕಟಕಟ ಅನ್ನುವ ರೊಟ್ಟಿ ಕಡಲ ತೇವಕ್ಕೆ ಒಂದೇ ದಿನದಲ್ಲಿ ಚರ್ಮದಂತೆ ಬಗ್ಗುತ್ತದೆ. ಐದೈದರಂತೆ ಬೇರೆ ಬೇರೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿ ಡಬ್ಬಿಯಲ್ಲಿಟ್ಟರೆ ಬಿಚ್ಚಿದಷ್ಟೇ ಮೆತ್ತಗಾಗುತ್ತದೆ. ತಿನ್ನುವುದು ರೂಮಿನಲ್ಲಿ, ಬುಫೆ ಹಾಲಿನಲ್ಲಿ ಹೊರಗಿನ ತಿನಿಸು ಬಿಚ್ಚಬೇಡಿ. ಚಹಾಪುಡಿ ಜೊತೆಗೆ ಹಾಲಿನ ಪುಡಿಯನ್ನೂ ಒಯ್ಯಿರಿ, ಏಕೆಂದರೆ ಸಂಜೆಯ ಚಹಾ ಒಂದೇ ತಾಸು ಇರುತ್ತದೆ, ರೂಮಿನ ಪುಡಿಕೆಗಳು ಎರಡು ಕಪ್ಪಿಗೆ ಮುಗಿಯುತ್ತವೆ. ಕೆಟಲಿನಲ್ಲಿ ಬರೀ ನೀರು ಕಾಯಿಸಿ, ಹಾಲಿನ ಪುಡಿ ಕಪ್ಪಿನಲ್ಲೇ ಕಲಸಿ. ಹಾಲು ಹಾಕಿ ಕುದಿಸಿದರೆ ತಳ ಹತ್ತಿ ಕಪ್ಪಾಗುತ್ತದೆ, ಆ ಕೆಟಲಿನ ಬೆಲೆ ಕೊನೆಯ ಬಿಲ್ಲಿನಲ್ಲಿ ಕಾಣಬಹುದು.

ಹಿಂತಿರುಗುವ ದಿನವೂ ಅದೇ ಸಮಸ್ಯೆ, ತಲೆಕೆಳಗಾಗಿ: ಹನ್ನೊಂದಕ್ಕೆ ರೂಮು ಬಿಡಬೇಕು, ಬಸ್ಸು ಸಂಜೆಗೆ. ಸಾಮಾನು ಮತ್ತೆ ರಿಸೆಪ್ಷನ್ನಿಗೆ. ಕೈಪಟ್ಟಿ ಕತ್ತರಿಸಿದ ಮೇಲೂ ಕೊಳದ ಹತ್ತಿರ ಕೂತಿರಬಹುದೇ ಎಂದು ಕೇಳಿ, ಬಹುಪಾಲು ಹೂಂ ಅನ್ನುತ್ತಾರೆ. ಆದರೆ ಅಂದು ನೀರಿಗಿಳಿಯಬೇಡಿ. ಕೊನೆಯ ಈಜು ಎರಡನೆಯ ದಿನ ಮಧ್ಯಾಹ್ನವೇ ಮುಗಿಯಲಿ, ಬಟ್ಟೆ ಆಗಲೇ ಸಿಹಿನೀರಿನಲ್ಲಿ ಜಾಲಿಸಿ ಬಾಲ್ಕನಿಯಲ್ಲಿ ಹರವಿ. ಕಡಲ ಗಾಳಿಗೆ ನೈಲಾನೂ ನಿಧಾನಕ್ಕೆ ಆರುತ್ತದೆ, ಮೂರನೆಯ ದಿನ ಒದ್ದೆ ಬಟ್ಟೆ ಕವರಿನಲ್ಲಿ ಸುತ್ತಿಕೊಂಡು ಹತ್ತಿದರೆ ವಿಜಯಪುರ ಬರುವಷ್ಟರಲ್ಲಿ ಪಕ್ಕದ ಬರ್ತಿನವರಿಗೂ ಗೊತ್ತಾಗುತ್ತದೆ.