ಎ ಮೇಲೆ ಎರಡು ಚುಕ್ಕೆ

13 ನವೆಂಬರ್ 2025, ಗುರುವಾರ
ತುಮಕೂರು

ನಾಳೆಯಿಂದ ಗ್ರಂಥಾಲಯ ಸಪ್ತಾಹ. ನಾಳೆಯೇ ನಮ್ಮ ಕಾಲೇಜು ಲೈಬ್ರರಿಯ ಹೊಸ ಕ್ಯಾಟಲಾಗ್ ಉದ್ಘಾಟನೆ. ಪ್ರಿನ್ಸಿಪಾಲರು ಮೌಸ್ ಒತ್ತಿದ ಕೂಡಲೇ ಪರದೆ ಮೇಲೆ ಕನ್ನಡ ಪುಸ್ತಕ ಬರಬೇಕು. ಇವತ್ತು ಸಂಜೆ ಐದರವರೆಗೂ ಒಂದೂ ಬಂದಿರಲಿಲ್ಲ.

ಹಳೇ ಸಾಫ್ಟ್‌ವೇರ್ ಬಿಟ್ಟು ಕೊಹಾಗೆ ಹೋಗೋಣ ಅಂತ ಜೂನ್‌ನಲ್ಲೇ ತೀರ್ಮಾನವಾಗಿತ್ತು. ಕೊಹಾ ಅನ್ನೋ ಈ ಲೈಬ್ರರಿ ಸಾಫ್ಟ್‌ವೇರ್ ನ್ಯೂಜಿಲೆಂಡಿನದು. 2000ದಲ್ಲಿ ಅಲ್ಲಿನ ಲೈಬ್ರರಿಯೊಂದರಲ್ಲಿ ಮೊದಲು ಬಳಕೆಗೆ ಬಂತು. ಮಾವೋರಿ ಭಾಷೆಯಲ್ಲಿ ಕೊಹಾ ಅಂದರೆ ಕಾಣಿಕೆ. ದುಡ್ಡು ಕೊಡಬೇಕಿಲ್ಲ, ನಿಜ. ದಾನ ಬಂದ ಹಸುವಿನ ಹಲ್ಲು ಎಣಿಸಬಾರದು, ಅದೂ ಸರಿ. ಆದರೆ ಹುಲ್ಲು ನಾವೇ ತರಬೇಕಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು.

ಇಂಗ್ಲಿಷ್ ಪುಸ್ತಕಗಳ ಪಟ್ಟಿ ಒಂದೇ ಮಧ್ಯಾಹ್ನದಲ್ಲಿ ಹೊಸದಕ್ಕೆ ಹೋಯಿತು. ಕನ್ನಡದ್ದೂ ಹೋಯಿತು, ಆದರೆ ಕನ್ನಡವಾಗಿ ಹೋಗಲಿಲ್ಲ. ‘ತುಮಕೂರು’ ಅಂತ ಇರಬೇಕಾದ ಕಡೆ ಮೊದಲು ಒಂದು ವಿ, ಆಮೇಲೆ ತಲೆ ಮೇಲೆ ಓರೆ ಗೆರೆ ಇರೋ ಎ, ಅದರ ಪಕ್ಕ ಎರಡು ಚುಕ್ಕೆ ಇಟ್ಟುಕೊಂಡ ಇನ್ನೊಂದು ಎ. ಸುಮ್ನೆ ಕೂತು ಎಣಿಸಿದೆ. ನಮ್ಮೂರಿನ ನಾಲ್ಕು ಅಕ್ಷರ 12 ಚಿಹ್ನೆಗಳಾಗಿತ್ತು.

ಹಳೇ ಪಟ್ಟಿ ಟೈಪ್ ಮಾಡಿದ್ದು ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ. ಆ ಕಾಲಕ್ಕೆ ಪರದೆ ಮೇಲೆ ಕನ್ನಡ ಕಂಡರೆ ಸಾಕಿತ್ತು. ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಫಾಂಟು ಅದಕ್ಕೆ ಕನ್ನಡದ ವೇಷ ಕಟ್ಟುತ್ತಿತ್ತು. ಯುನಿಕೋಡ್‌ನಲ್ಲಿ ಹಾಗಲ್ಲ. ‘ತ’ಗೆ ಅದರದೇ ಸಂಖ್ಯೆ ಇದೆ, ಯಾವ ಫಾಂಟಿಗೆ ಹೋದರೂ ಅದು ‘ತ’ನೇ.

ಹಳೇ ಫಾಂಟಿನದನ್ನು ಯುನಿಕೋಡ್‌ಗೆ ಬದಲಿಸೋ ಕನ್ವರ್ಟರ್‌ಗೆ ಹಾಕಿದೆ. ಬಹಳಷ್ಟು ಸರಿಹೋಯಿತು. ಆದರೆ ಕನ್ನಡ ಹೆಸರಿನ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಬಿ.ಕಾಂ. ಪಠ್ಯಪುಸ್ತಕಗಳ ಹೆಸರೆಲ್ಲ ಮಾಟದ ಮಂತ್ರದ ಹಾಗೆ ಆಗಿದ್ದವು. ಅವನ್ನು ಕಪಾಟಿನಿಂದ ಇಳಿಸಿ, ಮುಖಪುಟ ನೋಡಿ, ಒಂದೊಂದಾಗಿ ತಿದ್ದಬೇಕಾಯಿತು. ಅಟೆಂಡರ್ ಅಣ್ಣ ತಂದುಕೊಡೋದು, ನಾನು ತಿದ್ದೋದು. ಲೈಬ್ರರಿಯ ವಿಷಯ ಸಂಖ್ಯೆಯಲ್ಲಿ 894.814, ಅಂದರೆ ಕನ್ನಡ ಸಾಹಿತ್ಯ, ಅದನ್ನೂ ಹೀಗೇ ನೋಡಿದ್ದಾಯಿತು. ಆ ಸಾಲಿನ ಧೂಳು ಇನ್ನೂ ನನ್ನ ಮೂಗಲ್ಲಿದೆ.

ಇಷ್ಟೆಲ್ಲ ಆದ ಮೇಲೆ ಇವತ್ತು ಮಧ್ಯಾಹ್ನ ಹುಡುಕಿದರೆ ಸೊನ್ನೆ! ಪಟ್ಟಿಯಲ್ಲಿ ಪುಸ್ತಕ ಕಣ್ಣಿಗೆ ಕಾಣುತ್ತೆ, ಹುಡುಕಿದರೆ ಸಿಗಲ್ಲ. ತಪ್ಪು ನನ್ನದೇ. ಕೊಹಾದೊಳಗೆ ಹುಡುಕೋ ಕೆಲಸ ಝೀಬ್ರಾ ಅನ್ನೋ ಇನ್ನೊಂದು ಪ್ರೋಗ್ರಾಂನದು. ಕನ್ನಡದಂಥ ಲಿಪಿ ಇದ್ದರೆ ಅದಕ್ಕೆ ಐಸಿಯು ಅನ್ನೋ ಆಯ್ಕೆ ಕೊಡಬೇಕು. ನಾನು ಕೊಟ್ಟಿರಲಿಲ್ಲ. ಬದಲಿಸಿ, ಹುಡುಕೋಕೆ ಬೇಕಾದ ಇಂಡೆಕ್ಸ್ ಮತ್ತೆ ಕಟ್ಟೋಕೆ ಬಿಟ್ಟು, ಟೀಗೆ ಹೊರಟೆ. “ಕನ್ನಡಾನ ಐಸಿಯುಗೆ ಹಾಕಿದ್ದೀನಣ್ಣ, ಬದುಕಬಹುದು” ಅಂದೆ. ಅಟೆಂಡರ್ ಅಣ್ಣ ನಗಲಿಲ್ಲ. “ರಾಜ್ಯೋತ್ಸವ ಆಗಿ ಇನ್ನೂ ಎರಡು ವಾರ ಆಗಿಲ್ಲ, ಹಂಗೆಲ್ಲ ಅನ್ಬೇಡಿ ಮೇಡಂ” ಅಂದರು.

ಬೇರೆ ಬದಲಾವಣೆಗಳೂ ಇವೆ. ಹಳೇ ರಟ್ಟಿನ ಕಾರ್ಡ್ ಹೋಗಿ ಐಡಿ ಕಾರ್ಡಿನ ಬಾರ್‌ಕೋಡ್ ಬಂದಿದೆ. ಲ್ಯಾಮಿನೇಷನ್ ಮೇಲೆ ಚಿತ್ರಾನ್ನದ ಎಣ್ಣೆ ಮೆತ್ತಿದ್ದರೆ ಸ್ಕ್ಯಾನರ್ ಓದಲ್ಲ, ಹುಡುಗರು ಪ್ಯಾಂಟಿಗೆ ಒರೆಸಿ ಕೊಡ್ತಾರೆ. ವಿಂಡೋಸ್ 10ರ ಸಪೋರ್ಟ್ ಅಕ್ಟೋಬರ್ 14ಕ್ಕೆ ನಿಂತಿತಲ್ಲ, ನಮ್ಮ ಆರು ಕಂಪ್ಯೂಟರ್ 11ಕ್ಕೆ ಏರುವಷ್ಟು ಹೊಸವಲ್ಲ. ವಿಂಡೋಸ್ ಬದಲು ಉಬುಂಟು ಹಾಕಿದೆವು. ಬಳಸೋರು ಎರಡು ದಿನ ಗೊಣಗಿದರು, ಸುಮ್ಮನಾದರು.

ಲೈಬ್ರರಿ ಇನ್ನು ಮುಂದೆ ಸಂಜೆ ಏಳರವರೆಗೆ ತೆರೆದಿರುತ್ತದಂತೆ. ಇದೊಂದು ನನಗೆ ಸರಿ ಕಾಣಲಿಲ್ಲ. ಕೊರಟಗೆರೆ, ಮಧುಗಿರಿ ಕಡೆಯ ಹುಡುಗಿಯರು ನಾಲ್ಕೂವರೆಗೆಲ್ಲ ಬ್ಯಾಗ್ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡ್ತಾರೆ. ಮೊದಲ ಬಸ್ಸಿಗೆ ಬಂದು ಮೆಟ್ಟಿಲ ಮೇಲೆ ಕೂರೋರೂ ಅವರೇ. ಅವರಿಗೆ ಬೇಕಿರೋದು ಬೆಳಗ್ಗೆ ಬೇಗ ತೆರೆಯೋ ಬಾಗಿಲು. ಮೀಟಿಂಗ್‌ನಲ್ಲಿ ಹೇಳಿದೆ. ಬರೆದುಕೊಂಡರು.

ಟೀ ಕುಡಿದು ಬಂದು ‘ತುಮಕೂರು’ ಅಂತ ಹೊಡೆದೆ. ಬಂತು! 23 ಪುಸ್ತಕ. ಅಟೆಂಡರ್ ಅಣ್ಣ ಈಗ ನಕ್ಕರು.

ಹಿಂದೆ ನಿಂತು ನೋಡುತ್ತಿದ್ದ ಫೈನಲ್ ಇಯರ್ ಹುಡುಗ, “ಮೇಡಂ, ನಾನೊಂದ್ಸಲ” ಅಂತ ಕೀಬೋರ್ಡ್ ಎಳೆದುಕೊಂಡ. ಇಂಗ್ಲಿಷ್ ಅಕ್ಷರದಲ್ಲಿ ‘ತುಮ್ಕೂರ್’ ಅಂತ ಹೊಡೆದ. ಒಂದೂ ಇಲ್ಲ. ಊರಿನ ಇಂಗ್ಲಿಷ್ ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ, ಆದರೆ ಬೆರಳುಗಳಿಗೆ ಇನ್ನೂ ಹಳೇದೇ ರೂಢಿ. ಮೊಬೈಲಲ್ಲಿ ಮಕ್ಕಳು ಹುಡುಕೋದೇ ಹಾಗೆ ಅಲ್ವಾ? ಬೇರೆ ಹೆಸರು ಬರೆಯೋಕೆ ಪ್ರತಿ ಪುಸ್ತಕಕ್ಕೂ 246 ಅನ್ನೋ ಜಾಗ ಇದೆ. ಅಲ್ಲಿ ಎರಡೂ ಸ್ಪೆಲ್ಲಿಂಗ್ ಸೇರಿಸಬೇಕು. 23ರಲ್ಲಿ ಒಂಬತ್ತು ಮುಗಿಯೋ ಹೊತ್ತಿಗೆ ವಾಚ್‌ಮನ್ ಬಾಗಿಲು ತಟ್ಟಿದರು.

ನಾಳೆ ಪ್ರಿನ್ಸಿಪಾಲರು ಏನು ಹುಡುಕಬೇಕು ಅಂತ ಒಂದು ಚೀಟಿಯಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಬರೆದೆ. ಮೌಸ್ ಕೆಳಗೆ ಇಟ್ಟು ಗುಬ್ಬಿ ಬಸ್ ಹತ್ತಿದೆ.