ಕೈಬರಹದ ಕೀರ್ತನೆಗಳು: ಮೂರನೆಯ ಹೊತ್ತಿಗೆಯವರೆಗಿನ ವರದಿ

ಸತ್ಯವೇದದ, ಅಂದರೆ ಬೈಬಲಿನ, 150 ಕೀರ್ತನೆಗಳನ್ನು ಕೈಯಲ್ಲಿ ನಕಲು ಮಾಡಿ, ನಾನೇ ಹೊಲಿದು ರಟ್ಟು ಕಟ್ಟುವ ಕೆಲಸವನ್ನು ಕೈಗೆತ್ತಿಕೊಂಡು ಹನ್ನೊಂದು ತಿಂಗಳಾಯಿತು. ಕಳೆದ ಶನಿವಾರ 89ನೆಯ ಕೀರ್ತನೆಯನ್ನು ಬರೆದು ಮುಗಿಸಿದೆ. ಮೂರನೆಯ ಹೊತ್ತಿಗೆ ಈಗ ಅರೆಯುವ ಕಲ್ಲಿನ ಭಾರದ ಕೆಳಗೆ ಒಣಗುತ್ತಿದೆ. ಒಟ್ಟು ಐದು ಹೊತ್ತಿಗೆಗಳಾಗಬೇಕು. ಈ ಐದರ ಲೆಕ್ಕ ನಾನು ಹಾಕಿದ್ದಲ್ಲ. 41, 72, 89 ಮತ್ತು 106ನೆಯ ಕೀರ್ತನೆಗಳ ಕೊನೆಯಲ್ಲಿ ಒಂದೊಂದು ಸ್ತುತಿವಾಕ್ಯವನ್ನಿಟ್ಟು, ಆ ಗ್ರಂಥವೇ ತನ್ನನ್ನು ಐದು ಭಾಗಗಳಾಗಿ ವಿಂಗಡಿಸಿಕೊಂಡಿದೆ.

ಆರಂಭದ ಕಾರಣವನ್ನು ಹಿಂದಿನ ವರದಿಗಳಲ್ಲಿ ಸರಿಯಾಗಿ ಹೇಳಿರಲಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇನೆ. ನನ್ನ ಅಕ್ಕನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ನಡೆಯುತ್ತದೆ. ಅವಳನ್ನು ಕರೆದೊಯ್ದು ಕಾಯುವವನು ನಾನು. ಮೊದಲ ಎರಡು ತಿಂಗಳು ಹೊರಗಿನ ಬೆಂಚಿನ ಮೇಲೆ ಕುಳಿತು ಪ್ರಾರ್ಥಿಸಲು ಯತ್ನಿಸಿದೆ. ಬಾಲ್ಯದಿಂದ ಪ್ರತಿ ಭಾನುವಾರ ಆರಾಧನೆಗೆ ಹೋದವನಿಗೆ ಪ್ರಾರ್ಥನೆಯ ಮಾತುಗಳಿಗೆ ಬರವಿರಬಾರದಿತ್ತು. ಆದರೆ 'ಕರ್ತನೇ' ಎಂದ ಮೇಲೆ ಮುಂದಿನ ಮಾತು ಹುಟ್ಟುತ್ತಿರಲಿಲ್ಲ. ನನ್ನ ಮಾತಿಲ್ಲದಿದ್ದರೆ ಹೋಗಲಿ, ಇನ್ನೊಬ್ಬರ ಮಾತನ್ನಾದರೂ ಬರೆಯೋಣವೆಂದು ಒಂದು ದಿನ ನೋಟುಪುಸ್ತಕವನ್ನು ಒಯ್ದೆ. ಅಕ್ಕನಿಗೆ ತೋರಿಸಿದಾಗ ಅವಳು, "ನನಗಾಗಿ ಪ್ರಾರ್ಥಿಸುವವರು ಬೇಕಾದಷ್ಟಿದ್ದಾರೆ, ಆ ಮೂಲೆಯ ಹಾಸಿಗೆಯ ಅಜ್ಜನಿಗೆ ಯಾರಿದ್ದಾರೋ ನೋಡು" ಎಂದಳು. ಅಲ್ಲಿಂದ ಒಂದು ಕೀರ್ತನೆಯನ್ನು ಒಬ್ಬರಿಗಾಗಿ ಬರೆಯುವುದು ಎಂಬ ನಿಯಮವಾಯಿತು.

ಕೆಲಸದ ಕ್ರಮ ಹೀಗಿದೆ. ನಾಲ್ಕು ಹಾಳೆಗಳನ್ನು ಮಡಚಿದರೆ ಹದಿನಾರು ಪುಟಗಳ ಒಂದು ಮಡಿಕೆಯಾಗುತ್ತದೆ. ಬರೆದ ಮಡಿಕೆಗಳನ್ನು ಮೇಣ ಹಚ್ಚಿದ ದಾರದಿಂದ ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸಿ, ರಟ್ಟು ಹಾಕುತ್ತೇನೆ. ಅಂಟನ್ನು ಮೈದಾದಿಂದ ಮನೆಯಲ್ಲೇ ಕಾಯಿಸುತ್ತೇನೆ. ಹುಳು ಹಿಡಿಯದಿರಲೆಂದು ಹಳೆಯ ಬೈಂಡರುಗಳು ಮಾಡುತ್ತಿದ್ದಂತೆ ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸುತ್ತೇನೆ. ಮಂಗಳೂರಿನ ಮಳೆಗಾಲ ಈ ಕೆಲಸಕ್ಕೆ ಶತ್ರು. ಜುಲೈಯಲ್ಲಿ ಕಾಗದ ತೇವ ಹೀರಿ, ಶಾಯಿ ಅಕ್ಷರದ ಅಂಚು ಮೀರಿ ಹರಡಿತು. ಒತ್ತಕ್ಷರಗಳೆಲ್ಲ ಜೇಡನ ಕಾಲುಗಳಂತಾದವು. ಶಾಯಿಯ ಪೆನ್ನನ್ನು ಒಳಗಿಟ್ಟು ಜೆಲ್ ಪೆನ್ನಿಗೆ ಬದಲಾಯಿಸಿದೆ. ಕಾಗದವನ್ನು ಸಣ್ಣ ಬಲ್ಬು ಉರಿಯುವ ಕಪಾಟಿನಲ್ಲಿಟ್ಟೆ. ಇದೇ ಊರಿನಲ್ಲಿ 1843ರಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಪತ್ರಿಕೆ ಕಲ್ಲಚ್ಚಿನದು, ಅಂದರೆ ಯಾರದೋ ಕೈಬರಹವೇ ಕಲ್ಲಿನಿಂದ ಕಾಗದಕ್ಕೆ ಇಳಿದದ್ದು. ಆ ಬರಹಗಾರ ಮಳೆಗಾಲದಲ್ಲಿ ಏನು ಮಾಡುತ್ತಿದ್ದನೋ ಎಂದು ಹಲವು ಸಲ ಯೋಚಿಸಿದ್ದೇನೆ.

ಎರಡನೆಯ ಹೊತ್ತಿಗೆಯ ಮೊದಲ ಪುಟದಲ್ಲೇ ಒಂದು ದೊಡ್ಡ ತಪ್ಪಾಯಿತು. 42ನೆಯ ಕೀರ್ತನೆಯಲ್ಲಿ ಕವಿಯು ತನ್ನ ಮನಸ್ಸನ್ನೇ ಕರೆದು, ಏಕೆ ಕುಗ್ಗಿರುವೆ, ದೇವರನ್ನು ನಿರೀಕ್ಷಿಸು ಎಂದು ಹೇಳಿಕೊಳ್ಳುವ ಮಾತು 5ನೆಯ ವಚನದಲ್ಲಿ ಬರುತ್ತದೆ, 11ರಲ್ಲಿ ಮರಳುತ್ತದೆ. ನನ್ನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ, ನಡುವಿನ ವಚನಗಳು ಬಿಟ್ಟುಹೋದವು. ಪ್ರಾಚೀನ ಹಸ್ತಪ್ರತಿಗಳ ಲಿಪಿಕಾರರೂ ಇಂಥ ಕಡೆಗಳಲ್ಲೇ ಜಾರುತ್ತಿದ್ದರು ಎಂಬುದು ಸಮಾಧಾನದ ವಿಷಯ. ಹಾಳೆಯನ್ನು ತೆಗೆದು ಮತ್ತೆ ಬರೆಯುವಾಗ ಗಮನಿಸಿದೆ: ಬಿಟ್ಟುಹೋಗಿದ್ದ ಭಾಗದಲ್ಲೇ ಅಲೆಗಳೆಲ್ಲ ತನ್ನ ಮೇಲೆ ಹಾದುಹೋದವೆಂಬ ಅವನ ಗೋಳಾಟವಿದೆ. ಅವನು ತನಗೆ ತಾನೇ ಧೈರ್ಯ ಹೇಳಿಕೊಂಡ ಮೇಲೂ ಅಲೆ ಬಂದಿದೆ. ಪುನಃ ಅದೇ ಮಾತನ್ನು ಹೇಳಿಕೊಂಡಿದ್ದಾನೆ. 43ರ ಕೊನೆಯಲ್ಲಿ ಮೂರನೆಯ ಸಲವೂ ಹೇಳಿಕೊಂಡಿದ್ದಾನೆ. ನನ್ನ ಕಣ್ಣಿನಂತೆ ನನ್ನ ಮನಸ್ಸೂ ನಡುವಿನದನ್ನು ಬಿಟ್ಟು ಭರವಸೆಯಿಂದ ಭರವಸೆಗೆ ನೇರವಾಗಿ ಹಾರಲು ಬಯಸುತ್ತಿತ್ತು ಎಂದು ಒಪ್ಪಿಕೊಳ್ಳಬೇಕು.

ಹೆಸರುಗಳ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬರಲು ಸಮಯ ಹಿಡಿಯಿತು. ಯಾರಿಗಾಗಿ ಬರೆದೆನೆಂಬುದನ್ನು ಮೊದಲು ಪುಟದ ಬದಿಯಲ್ಲಿ ಹೆಸರು, ಕಾಯಿಲೆಗಳ ಸಮೇತ ಬರೆಯುತ್ತಿದ್ದೆ. ನಮ್ಮ ಪ್ರಾರ್ಥನಾ ಕೂಟಗಳಲ್ಲಿ 'ಪ್ರಾರ್ಥನಾ ವಿಷಯ' ಎಂಬ ಹೆಸರಿನಲ್ಲಿ ಮನೆಮನೆಯ ಸುದ್ದಿ ಹೇಗೆ ಓಡಾಡುತ್ತದೆಂಬುದನ್ನು ಬಲ್ಲ ಅಕ್ಕ ಅದನ್ನು ಕಂಡು ಮುಖ ಸಿಂಡರಿಸಿದಳು. ಅದೇ ವಾರ ಕೊರಿಂಥ ಪಟ್ಟಣದ ಕ್ರೈಸ್ತ ಸಭೆಯವರಿಗೆ ಅಪೊಸ್ತಲನಾದ ಪೌಲನು ಬರೆದ ಎರಡನೆಯ ಪತ್ರಿಕೆಯ ಮೊದಲ ಅಧ್ಯಾಯವನ್ನು ಓದುತ್ತಿದ್ದೆ. ಆಸ್ಯಸೀಮೆಯಲ್ಲಿ, ಅಂದರೆ ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿ, ತನಗೆ ಶಕ್ತಿಮೀರಿದ ಭಾರ ಬಿದ್ದು ಬದುಕುವ ಆಶೆಯೇ ಹೋಗಿತ್ತೆಂದು ಅವನು ಬರೆಯುತ್ತಾನೆ. ಆ ಸಂಕಟ ಏನೆಂದು ಮಾತ್ರ ಹೇಳುವುದಿಲ್ಲ. ತನ್ನ ಮೇಲಿನ ಭರವಸೆ ಬಿಟ್ಟು ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಭರವಸೆಯಿಡುವುದನ್ನು ಅದರಿಂದ ಕಲಿತೆನೆಂದು ಹೇಳಿ, ನೀವೂ ಪ್ರಾರ್ಥನೆಯಿಂದ ನೆರವಾಗಿರಿ ಎಂದು ಕೇಳುತ್ತಾನೆ. ವಿವರ ತಿಳಿಯದೆಯೇ ಕೊರಿಂಥದವರು ಪ್ರಾರ್ಥಿಸಬಹುದಿದ್ದರೆ ನನ್ನ ಪುಟಕ್ಕೂ ವಿವರ ಬೇಡ. ಈಗ ಬದಿಯಲ್ಲಿ ಕೆಂಪು ಶಾಯಿಯ ಒಂದು ಚುಕ್ಕೆಯನ್ನಷ್ಟೇ ಇಡುತ್ತೇನೆ. ಹೆಸರು ಬರೆದ ಹಾಳೆಗಳನ್ನು ಬದಲಾಯಿಸಿದ್ದರಿಂದ ಮೊದಲ ಹೊತ್ತಿಗೆಯ ಎರಡು ಮಡಿಕೆಗಳನ್ನು ಬಿಚ್ಚಿ ಮರುಹೊಲಿಯಬೇಕಾಯಿತು. ಬೆನ್ನು ಸ್ವಲ್ಪ ಸೊಟ್ಟಗಿದೆ.

ಬರೆಯುವಾಗ 'ಸೆಲಾ' ಎಂಬ ಪದ ಬಂದಲ್ಲಿ ಪೆನ್ನು ಕೆಳಗಿಡುತ್ತೇನೆ. ಅದರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ವಾದ್ಯ ಅಥವಾ ವಿರಾಮದ ಸೂಚನೆಯಿರಬಹುದೆನ್ನುತ್ತಾರೆ. ಕೀರ್ತನೆಗಳಲ್ಲಿ ಅದು 71 ಸಲ ಬರುತ್ತದೆ. ನನಗೆ ಅದು ಆ ವ್ಯಕ್ತಿಯ ಮುಖವನ್ನು ನೆನೆದು ಮೌನವಾಗಿರುವ ಸ್ಥಳವಾಗಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ಕಾಯಿಲೆಯವರಿಗಾಗಿ ಬರೆಯುವುದಲ್ಲ. ಅಕ್ಕನಿಗೆ ವಿಶ್ವಾಸ ಸಾಲದು, ಮನೆಯಲ್ಲಿ ಏನೋ ಅರಿಕೆಯಾಗದ ಪಾಪವಿದೆ ಎಂದು ಹಾಸಿಗೆಯ ಪಕ್ಕದಲ್ಲೇ ನಿಂತು ಹೇಳಿಹೋದ ಇಬ್ಬರು ಬಂಧುಗಳಿದ್ದಾರೆ. ಅವರು ಹೋದ ರಾತ್ರಿ 58ನೆಯ ಕೀರ್ತನೆ ಸರದಿಯಲ್ಲಿತ್ತು; ದುಷ್ಟರ ಹಲ್ಲುಗಳನ್ನು ಮುರಿದುಬಿಡು ಎಂದು ದೇವರನ್ನು ಕೇಳುವ ಆ ಕೀರ್ತನೆಯನ್ನು ನಾನು ಎಷ್ಟು ಅಂದವಾದ ಅಕ್ಷರಗಳಲ್ಲಿ ಬರೆದೆನೆಂದರೆ, ಅದು ಈವರೆಗಿನ ಅತ್ಯುತ್ತಮ ಪುಟವಾಗಿದೆ. ಸತ್ಯವೇದದ ಯೋಬನ ಗ್ರಂಥದಲ್ಲಿ, ಸಂಕಟಕ್ಕೆ ಸಿಲುಕಿದ ಯೋಬನಿಗೂ ಅವನ ಮಿತ್ರರು ಇದನ್ನೇ ಹೇಳಿದ್ದರು. ಆದರೆ ಆ ಗ್ರಂಥದ ಕೊನೆಯ ಅಧ್ಯಾಯದಲ್ಲಿ, ಯೋಬನು ಅದೇ ಮಿತ್ರರಿಗಾಗಿ ಪ್ರಾರ್ಥಿಸಿದಾಗಲೇ ದೇವರು ಅವನ ಸ್ಥಿತಿಯನ್ನು ತಿರುಗಿಸಿದನೆಂದು ಬರೆದಿದೆ. ಇದನ್ನು ಒಂದು ವ್ಯಾಪಾರದ ಸೂತ್ರವಾಗಿ ಓದಲು ನನಗೆ ಮನಸ್ಸಿಲ್ಲ. ಆದರೂ ಮೂರು ವಾರ ಮುಂದೂಡಿ, 67ನೆಯ ಕೀರ್ತನೆಯನ್ನು ಆ ಇಬ್ಬರಿಗಾಗಿ ಬರೆದೆ. ಏಳೇ ವಚನಗಳ ಚಿಕ್ಕ ಕೀರ್ತನೆಯನ್ನು ಅವರಿಗೆ ಆರಿಸಿದ್ದರಲ್ಲಿ ನನ್ನ ಜಿಪುಣತನ ಇದ್ದೇ ಇದೆ. ಚುಕ್ಕೆಗಳು ಎರಡು.

ವೃದ್ಧಾಪ್ಯದಲ್ಲಿ ತಳ್ಳಿಬಿಡಬೇಡವೆಂದು ಬೇಡುವ 71ನೆಯದನ್ನು ಮೂಲೆಯ ಹಾಸಿಗೆಯ ಅಜ್ಜನಿಗಾಗಿ ಬರೆದಿದ್ದೆ. ಒಂಬತ್ತು ದಿನಗಳ ನಂತರ ಅವರು ತೀರಿಕೊಂಡರು. ಆ ಚುಕ್ಕೆಯನ್ನು ಹಾಗೆಯೇ ಉಳಿಸಿದ್ದೇನೆ.

ಮೂರನೆಯ ಹೊತ್ತಿಗೆ ತೆಳ್ಳಗಿದೆ, 17 ಕೀರ್ತನೆಗಳು ಮಾತ್ರ. 72 ವಚನಗಳ 78ನೆಯದೊಂದೇ ನಾಲ್ಕು ಸಂಜೆಗಳನ್ನು ತಿಂದಿತು. 88ನೆಯದು ಬಂದ ವಾರ ಅಕ್ಕನ ರಕ್ತದೊತ್ತಡ ಇಳಿದು, ಡಯಾಲಿಸಿಸನ್ನು ಎರಡು ಸಲ ನಡುವೆಯೇ ನಿಲ್ಲಿಸಿದ್ದರು. ಅದನ್ನು ಮಾತ್ರ, ನಿಯಮ ಮುರಿದು, ಅವಳಿಗಾಗಿ ಬರೆದೆ. ಬಹುತೇಕ ಎಲ್ಲ ಗೋಳಿನ ಕೀರ್ತನೆಗಳೂ ಕೊನೆಗೆ ಸ್ತೋತ್ರದ ಕಡೆಗೆ ತಿರುಗುತ್ತವೆ; ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಪುಟದ ಕೆಳಗೆ ಅರ್ಧ ಭಾಗ ಖಾಲಿ ಉಳಿದಿತ್ತು, ಅಲ್ಲಿ ಧೈರ್ಯ ತುಂಬುವ 23ನೆಯದರ ಒಂದು ವಚನವನ್ನಾದರೂ ಸೇರಿಸಬೇಕೆಂಬ ಆಸೆ ಬಲವಾಗಿತ್ತು. ಸೇರಿಸಲಿಲ್ಲ. ಆ ಹದಿನೆಂಟು ವಚನಗಳಲ್ಲಿ ಹಗಲಿರುಳು, ದಿನಂಪ್ರತಿ, ಮುಂಜಾನೆ ಎಂದು ಮೂರು ಸಲ ಕವಿಯು ತಾನು ಮೊರೆಯಿಡುತ್ತಿರುವುದನ್ನು ಹೇಳುತ್ತಾನೆ. ಮೊದಲ ಸಾಲಿನಲ್ಲೇ ದೇವರನ್ನು ತನ್ನ ರಕ್ಷಕನೆಂದು ಕರೆದಿದ್ದಾನೆ. ಉತ್ತರ ಬರದ ಬಾಗಿಲನ್ನು ಬಿಟ್ಟು ಅವನು ಬೇರೆ ಬಾಗಿಲಿಗೆ ಹೋಗಿಲ್ಲ. ಅಕ್ಕ ಆ ಪುಟವನ್ನು ಓದಿ, ಖಾಲಿ ಜಾಗವನ್ನು ಬೆರಳಿನಿಂದ ಸವರಿ, "ಇದು ಹೀಗೇ ಇರಲಿ" ಎಂದಳು.

ನಾಲ್ಕನೆಯ ಹೊತ್ತಿಗೆಗೂ 17 ಕೀರ್ತನೆಗಳೇ ಇರುವುದರಿಂದ ಅಷ್ಟೇ ಕಾಗದವನ್ನು ಕತ್ತರಿಸಿಟ್ಟಿದ್ದೇನೆ. ಮೋಶೆಯ ಪ್ರಾರ್ಥನೆಯೆಂಬ ಶಿರೋನಾಮೆಯ 90ನೆಯದನ್ನು ಸೋಮವಾರದ ಡಯಾಲಿಸಿಸ್ ಸಮಯದಲ್ಲಿ ಆರಂಭಿಸುತ್ತೇನೆ. ಅದು ಯಾರಿಗೆಂದು ಅಕ್ಕ ಆಗಲೇ ನಿರ್ಧರಿಸಿದ್ದಾಳೆ: ರಾತ್ರಿಪಾಳಿ ಮುಗಿಸಿಯೂ ಮನೆಗೆ ಹೋಗದೆ, ಅವಳ ರಕ್ತದೊತ್ತಡ ಏರುವವರೆಗೂ ಕೈಹಿಡಿದು ನಿಂತಿದ್ದ ನರ್ಸಿಗೆ.