ಅಂಗಡಿಗೊಂದು ಬೆಲ್ಲ, ಮನೆಗೊಂದು ಬೆಲ್ಲ

ಕಳೆದ ಬುಧವಾರ ಮೈಸೂರಿನ ಸಂತೇಪೇಟೆಯ ದಿನಸಿ ಅಂಗಡಿಯೊಂದರಲ್ಲಿ ಕೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲೇ ಇದೆ. ನಾನು ಮಾಡಿಸಿದ ಅಚ್ಚುಬೆಲ್ಲವನ್ನು ಅಂಗಡಿಗಳಿಗೆ ಮಾರಲೆಂದು, ಅರ್ಧ ಕಿಲೋ ತೂಕದ ನಲವತ್ತು ಪೊಟ್ಟಣಗಳನ್ನು ಎರಡು ಚೀಲಗಳಲ್ಲಿ ತುಂಬಿಕೊಂಡು ಮಂಡ್ಯದಿಂದ ಬೆಳಗಿನ ಬಸ್ಸಿಗೆ ಹೊರಟಿದ್ದೆ. ಚಿಕ್ಕ ಗಡಿಯಾರದ ಹತ್ತಿರದ ಎರಡು ಅಂಗಡಿಗಳಲ್ಲಿ ಪೊಟ್ಟಣವನ್ನು ಕೈಗೂ ತೆಗೆದುಕೊಳ್ಳಲಿಲ್ಲ. ಮೂರನೆಯ ಅಂಗಡಿಯ ಹಿರಿಯರು ಮಾತ್ರ ಅದನ್ನು ಬಾಗಿಲಿನ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಬೆಲ್ಲ ಒಳ್ಳೇದಿದೆ ತಾಯಿ. ಆದ್ರೆ ಬಣ್ಣ ಬಂದಿಲ್ವಲ್ಲ. ಇದನ್ನ ಇಟ್ರೆ ಹಳೇ ಮಾಲು ಅಂತಾರೆ ಜನ."

ನಾನು ರುಚಿ ನೋಡಲೆಂದು ಒಡೆದು ತಂದಿದ್ದ ಚೂರನ್ನು ಕೊಟ್ಟೆ. ಅವರು ಅದನ್ನು ಬಾಯಿಗೆ ಹಾಕಿಕೊಂಡು, ಪೂರ್ತಿ ಕರಗುವವರೆಗೂ ಏನೂ ಮಾತನಾಡಲಿಲ್ಲ. ಆಗ ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ, "ನಿಮ್ಮ ಮನೆಗೆ ಯಾವ ಬೆಲ್ಲ ತಗೊಂಡು ಹೋಗ್ತೀರಿ ಸ್ವಾಮಿ?" ಎಂದು ಕೇಳಿಬಿಟ್ಟೆ. ಅವರು ಕ್ಷಣವೂ ಯೋಚಿಸಲಿಲ್ಲ.

"ಮನೆಗೆ ಕಪ್ಪು ಬೆಲ್ಲಾನೇ ತಾಯಿ. ಅಂಗಡಿಗೆ ಹಳದಿ."

ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವಾಗ, ರಾತ್ರಿ ಲೆಕ್ಕದ ಪುಸ್ತಕ ತೆರೆದಾಗ, ಮಾರನೆಯ ದಿನ ಆಲೆಮನೆಯಲ್ಲಿ ನಿಂತಾಗ ಈ ಎರಡು ವಾಕ್ಯಗಳು ಮತ್ತೆ ಮತ್ತೆ ಎದ್ದು ಬಂದವು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೇಳಿದ್ದಕ್ಕೆ ನೇರವಾಗಿ ಉತ್ತರಿಸಿದ ವ್ಯಾಪಾರಿ ಅವರು. ಸುಳ್ಳು ಹೇಳಿ ನನ್ನನ್ನು ಸಾಗಹಾಕುವುದು ಅವರಿಗೆ ಇನ್ನೂ ಸುಲಭವಿತ್ತು.

ಉದ್ದಿಮೆ ಆರಂಭಿಸುವಾಗ ಎಲ್ಲರೂ ನನ್ನನ್ನು ಹೆದರಿಸಿದ್ದು ಕಾಗದಪತ್ರಗಳ ವಿಷಯದಲ್ಲಿ. ಅದು ಅಷ್ಟು ಕಷ್ಟವಾಗಲಿಲ್ಲ. ಉದ್ಯಮ್ ನೋಂದಣಿಗೆ ಆಧಾರ್ ಮತ್ತು ಪ್ಯಾನ್ ಸಾಕು, ಒಂದು ರೂಪಾಯಿಯೂ ಕಟ್ಟಬೇಕಾಗಿಲ್ಲ. ಆಹಾರ ಸುರಕ್ಷತಾ ನೋಂದಣಿಗೆ ನನ್ನಂಥ ಸಣ್ಣ ವಹಿವಾಟಿನವರು ವರ್ಷಕ್ಕೆ 100 ರೂಪಾಯಿಯಂತೆ ಕಟ್ಟಬೇಕಿತ್ತು; ನಾನು ಐದು ವರ್ಷದ್ದನ್ನು ಒಟ್ಟಿಗೇ ಕಟ್ಟಿದೆ. ಪೊಟ್ಟಣದ ಮೇಲೆ ತಯಾರಕರ ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಫೋನ್ ಸಂಖ್ಯೆ, ನೋಂದಣಿಯ 14 ಅಂಕಿಗಳು ಇರಲೇಬೇಕೆಂದು ತಿಳಿದುಕೊಂಡು ಮಗಳೇ ಚೀಟಿ ಸಿದ್ಧಪಡಿಸಿದಳು. ಕೇಂದ್ರ ಸರ್ಕಾರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಒಂದು ಜಿಲ್ಲೆಗೆ ಒಂದು ಉತ್ಪನ್ನವೆಂದು ಮಂಡ್ಯಕ್ಕೆ ಗೊತ್ತುಮಾಡಿರುವುದು ಬೆಲ್ಲವನ್ನೇ. ಸಾಲ ಪಡೆದು ಘಟಕ ಹಾಕುವವರಿಗೆ ಅದರ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನವೆಂದು ಆ ಯೋಜನೆಯಲ್ಲಿ ನಿಗದಿಯಾಗಿತ್ತು. ನಾನು ಇನ್ನೂ ಅದಕ್ಕೆ ಅರ್ಜಿ ಹಾಕಿಲ್ಲ. ಮೊದಲು ನಾಲ್ಕು ಅಂಗಡಿಯವರು ಎರಡನೆಯ ಸಲ ಬೆಲ್ಲ ಕೇಳಲಿ, ಸಾಲದ ಮಾತು ಆಮೇಲೆ ಎಂಬುದು ನನ್ನ ತೀರ್ಮಾನ. ಇದಕ್ಕೆ ನನ್ನ ಮೈದುನನ ಒಪ್ಪಿಗೆಯಿಲ್ಲ. ಸ್ವಂತ ಕೈಯಿಂದ ಏನನ್ನೂ ಮಾರಿ ನೋಡದವರಿಗೆ ಸಾಲದ ಮೇಲೆ ಬಹಳ ಭರವಸೆಯಿರುತ್ತದೆ.

ಕಾಗದದ ಕೆಲಸ ಮುಗಿದಿದ್ದರೂ ಬಣ್ಣದ ಮಾತಿಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಬೆಲ್ಲ ಹಳದಿಯಾಗುವುದು ಹೇಗೆಂದು ಆಲೆಮನೆಯ ಬಳಿ ಬೆಳೆದ ಯಾರಿಗಾದರೂ ಗೊತ್ತು. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುವ ಹೊತ್ತಿಗೆ ಹೈಡ್ರೋಸ್ ಎಂದು ಕರೆಯುವ ಬಿಳಿ ಪುಡಿಯನ್ನು ಎರಚುತ್ತಾರೆ. ಕಂದು ಪಾಕ ನೋಡನೋಡುತ್ತಿದ್ದಂತೆ ಹಳದಿಗೆ ತಿರುಗುತ್ತದೆ. ಅದು ಗಂಧಕದ ಅಂಶವಿರುವ ರಾಸಾಯನಿಕ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಬಾರದೆಂದು ನಿಯಮವಿದೆ, ಆದರೆ ಹಿಡಿಯಲ್ಲಿ ಅಳೆದು ಎರಚುವಾಗ ಮಿಲಿಗ್ರಾಂ ಲೆಕ್ಕ ಇಡುವವರು ಯಾರು? ನಾವು ಹಾಕಿಸುವುದು ಸ್ವಲ್ಪ ಸುಣ್ಣ ಮತ್ತು ಬೆಂಡೆ ಗಿಡದ ಲೋಳೆ. ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ನೆನೆಸಿ, ಆ ನೀರನ್ನು ಬಿಸಿಯಾಗುತ್ತಿರುವ ಕಬ್ಬಿನ ಹಾಲಿಗೆ ಸುರಿದರೆ, ಮಡ್ಡಿಯೆಲ್ಲ ದಪ್ಪ ಕೆನೆಯಂತೆ ಹಸಿರುಗಪ್ಪಾಗಿ ಮೇಲೆ ಕಟ್ಟಿಕೊಳ್ಳುತ್ತದೆ. ಅದನ್ನು ತಾಳ್ಮೆಯಿಂದ ತೆಗೆಯುತ್ತಲೇ ಇರಬೇಕು. ಹಾಗೆ ಮಾಡಿದ ಬೆಲ್ಲ ಹುಣಸೆಹಣ್ಣಿನ ಕಂದು ಬಣ್ಣಕ್ಕೆ ನಿಲ್ಲುತ್ತದೆಯೇ ಹೊರತು ಹಳದಿಯಾಗುವುದಿಲ್ಲ.

ಗುರುವಾರ ಆಲೆಮನೆಯಲ್ಲಿ ಪಾಕ ನೋಡುವ ಹಿರಿಯರಿಗೆ ಸಂತೇಪೇಟೆಯ ಮಾತನ್ನು ಹೇಳಿದೆ. ಅವರು ಬೆಂಕಿಗೆ ರಚ್ಚು, ಅಂದರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆ ತಳ್ಳುತ್ತ, "ಒಂದು ಹಿಡಿ ಹಾಕಿಬಿಡ್ಲಾ ಅಕ್ಕ? ಮೊದಲು ಮಾಲು ಓಡ್ಲಿ" ಎಂದರು. ಅವರಿಗೆ ನನ್ನ ಮೇಲೆ ಇರುವುದು ನಿಜವಾದ ಕಾಳಜಿ. ನನ್ನ ಲೆಕ್ಕವೂ ಅವರಿಗೆ ಗೊತ್ತು. ಟನ್ ಕಬ್ಬಿಗೆ ಹೆಚ್ಚುಕಡಿಮೆ 100 ಕಿಲೋ ಬೆಲ್ಲ ಸಿಗುತ್ತದೆ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ನಿಗದಿ ಮಾಡಿದ ಟನ್ನಿಗೆ 3,550 ರೂಪಾಯಿಯನ್ನೇ ಹಿಡಿದರೂ ಕಿಲೋ ಬೆಲ್ಲಕ್ಕೆ ಕಬ್ಬಿನ ಬಾಬ್ತೇ 35 ರೂಪಾಯಿ ದಾಟುತ್ತದೆ. ಅದರ ಮೇಲೆ ಆಲೆಮನೆಯ ಕೂಲಿ, ಪೊಟ್ಟಣ, ಬಸ್ ಚಾರ್ಜು, ಅಂಗಡಿಯವರ ಲಾಭ ಎಲ್ಲವೂ ಸೇರಬೇಕು. ಮಾಲು ನಿಂತರೆ ನಾನು ಹೆಚ್ಚು ದಿನ ತಡೆಯಲಾರೆ.

ಆದರೂ ಬೇಡವೆಂದೆ. ಹಾಗೆ ಹೇಳುವಾಗ ನನ್ನ ಮನಸ್ಸಿನಲ್ಲಿದ್ದದ್ದು ಅಂಗಡಿಯವರಲ್ಲ, ನಾನೇ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ನಮ್ಮ ಕಬ್ಬು ಕಾರ್ಖಾನೆಗೆ ಹೋಗುತ್ತಿತ್ತು, ಮನೆಗೆ ಬೆಲ್ಲ ಅಂಗಡಿಯಿಂದ ಬರುತ್ತಿತ್ತು. ಪ್ರತಿ ಯುಗಾದಿಗೂ ಒಬ್ಬಟ್ಟಿನ ಹೂರಣ ಕಪ್ಪಾಗಬಾರದೆಂದು ನಾನು ಅಚ್ಚುಗಳನ್ನು ಆರಿಸಿ ಆರಿಸಿ ಹಳದಿಯದನ್ನೇ ತರುತ್ತಿದ್ದೆ. ಅತ್ತೆ ಒಮ್ಮೆ, "ಕಬ್ಬಿನ ಹಾಲು ಯಾವ ಬಣ್ಣ, ಬೆಲ್ಲ ಯಾವ ಬಣ್ಣ, ನೋಡೇ" ಎಂದಿದ್ದರು. ನಾನು ಅದನ್ನು ವಯಸ್ಸಾದವರ ಗೊಣಗಾಟವೆಂದುಕೊಂಡೆ. ಅವರು ಈಗಿಲ್ಲ. ಸಂತೇಪೇಟೆಯ ಅಂಗಡಿಯ ಮುಂದೆ ನಿಂತು ಹಳದಿ ಬೆಲ್ಲ ಕೊಡಿ ಎಂದು ಕೇಳುವ ಗಿರಾಕಿ ಬೇರೆ ಯಾರೋ ಅಲ್ಲ, ಇಷ್ಟು ವರ್ಷ ಅಲ್ಲಿ ನಿಂತಿದ್ದವಳು ನಾನೇ. ಆ ಹಿರಿಯ ವ್ಯಾಪಾರಿ ನನ್ನಂಥವರಿಗಾಗಿಯೇ ಎರಡು ಬಗೆಯ ಬೆಲ್ಲ ಇಟ್ಟುಕೊಳ್ಳುವುದನ್ನು ಕಲಿತಿದ್ದಾರೆ.

ಪಾರದರ್ಶಕ ಪೊಟ್ಟಣದ ಬದಲು ಬಣ್ಣ ಕಾಣದಂಥ, ಚಿತ್ರ ಮುದ್ರಿಸಿದ ಲಕೋಟೆ ಮಾಡಿಸೋಣವೆಂದು ಮಗಳು ಹೇಳಿದಳು. ಬುದ್ಧಿವಂತ ಸಲಹೆಯೇ, ಬಹಳ ಜನ ಹಾಗೆ ಮಾಡಿ ಗೆದ್ದಿದ್ದಾರೆ. ಆದರೆ ಮುಚ್ಚಿಟ್ಟು ಕೊಟ್ಟರೆ ಮನೆಯಲ್ಲಿ ಪೊಟ್ಟಣ ಒಡೆದವರು ಮೋಸಹೋದೆವೆಂದು ಅಂದುಕೊಂಡಾರು, ಎರಡನೆಯ ಸಲ ಬರಲಾರರು. ಬಣ್ಣ ಕಾಣಲಿ, ಅದು ಯಾಕೆ ಹಾಗಿದೆಯೆಂದು ಚೀಟಿಯ ಮೇಲೆ ಒಂದು ಸಾಲು ಬರೆಯೋಣ ಎಂದೆ. ಶುಕ್ರವಾರ ರಾತ್ರಿ ಇಬ್ಬರೂ ಕುಳಿತು ಆ ಸಾಲನ್ನು ಏಳೆಂಟು ಸಲ ತಿದ್ದಿದೆವು. ಕೊನೆಗೆ ಉಳಿದದ್ದು ಇಷ್ಟು: "ಪುಡಿ ಹಾಕಿಲ್ಲ, ಅದಕ್ಕೇ ಈ ಬಣ್ಣ."

ಕಳೆದ ಬುಧವಾರವೇ ಸಂತೇಪೇಟೆಯ ಆ ಹಿರಿಯರು ಹನ್ನೆರಡು ಪೊಟ್ಟಣ ಇಟ್ಟುಕೊಂಡಿದ್ದರು, ಮಾರಿದ ಮೇಲೆ ದುಡ್ಡು ಎಂಬ ಮಾತಿನ ಮೇಲೆ. ಕೆಳಗಿನ ಸಾಲಿನಲ್ಲಿ, ಹಳದಿ ಅಚ್ಚುಗಳ ಪಕ್ಕದಲ್ಲೇ ಅವಕ್ಕೆ ಜಾಗ ಸಿಕ್ಕಿದೆ. ನಾಡಿದ್ದು ಬುಧವಾರ ಮತ್ತೆ ಹೋಗುತ್ತಿದ್ದೇನೆ. ಈ ಸಲ ಚೀಲದಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿಯೂ ಇದೆ, ಅದರ ತುಂಬ ಒಡೆದ ಬೆಲ್ಲದ ಚೂರುಗಳಿವೆ. ಅದನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಡಲು ಅವರನ್ನು ಕೇಳಿಕೊಳ್ಳಬೇಕು.